ಗೇಟಿಗೆ ಬಂದ ಜುಮುಕಿ ಗಿಡ

"ಗುರುಗಳೇ, ಬಸವಂತನಿಗೆ ಹೇಳಿಕೊಟ್ಟು ನನಗೆ ಹೇಳಿಕೊಡದೆ ಉಳಿಸಿಕೊಂಡಿದ್ದು ಏನು?"

ಮಹಾಂತೇಶ ಹೀಗೆ ಕೇಳಿದಾಗ ಗುರುಗಳು ತಂಬೂರಿಯ ತಂತಿ ಬಿಗಿಯುತ್ತಿದ್ದರು. ಅವರಿಗೆ ಇಬ್ಬರೇ ಶಿಷ್ಯರು. ಇಬ್ಬರಿಗೂ ಒಂದೇ ಮನೆಯಲ್ಲಿ ಊಟ, ಒಂದೇ ಚಾಪೆಯ ಮೇಲೆ ಪಾಠ. ಬಸವಂತ ಜಗುಲಿಯಲ್ಲಿ ಕುಳಿತು ಏರುದನಿಯಲ್ಲಿ ಹಾಡಿದರೆ ಬೀದಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ಕೇಳುತ್ತಿದ್ದರು. ಮಹಾಂತೇಶನದು ತಗ್ಗಿನ ದನಿ. ಅವನು ಒಳಕೋಣೆಯಲ್ಲಿ ಹಾಡಿಕೊಳ್ಳುತ್ತಿದ್ದ. ಈಚೆಗೆ ಅವನೂ ಜಗುಲಿಗೆ ಬಂದಿದ್ದ, ಬಸವಂತನ ಶ್ರುತಿಯಲ್ಲೇ ಹಾಡುತ್ತಿದ್ದ. ಈಗ ಮಾತಾಡಿದರೂ ಅವನ ಗಂಟಲು ಕರಕರ ಎನ್ನುತ್ತಿತ್ತು.

"ಓಹೋ, ಕಳ್ಳ ಸಿಕ್ಕಿಬಿದ್ದ ಅನ್ನು!" ಎಂದರು ಗುರುಗಳು. "ಕುಳಿತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ನಿನ್ನ ಗಂಟಲಿಗೂ ಅದೇ ಒಳ್ಳೆಯದು."

ಮಡಿಕೇರಿಯಲ್ಲಿ ಒಬ್ಬ ತಾಯಿ ಇದ್ದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಅವಳ ಮನೆಯಲ್ಲಿ ಒಂದು ಹೂವಿನ ಗಿಡವಿತ್ತು. ಪುಸ್ತಕದವರು ಅದನ್ನು ಫ್ಯೂಷಿಯಾ ಎನ್ನುತ್ತಾರೆ. ಕೆಂಪು, ನೇರಳೆ ಬಣ್ಣದ ಹೂ ಕಿವಿಯ ಜುಮುಕಿಯ ಹಾಗೆ ತಲೆಕೆಳಗಾಗಿ ತೂಗುತ್ತದೆ. ಆ ಮನೆಯವರು ಅದನ್ನು ಜುಮುಕಿ ಗಿಡ ಎಂದೇ ಕರೆಯುತ್ತಿದ್ದರು. ಮಕ್ಕಳ ಮದುವೆಯಾದಾಗ ತಾಯಿ ಇಬ್ಬರಿಗೂ ಅದರ ಒಂದೊಂದು ರೆಂಬೆ ಕೊಟ್ಟಳು. ಒಂದೇ ಗಿಡದ ರೆಂಬೆ, ಒಂದೇ ಕೈಯಿಂದ ಕೊಟ್ಟಿದ್ದು.

ಅಕ್ಕನನ್ನು ಅದೇ ಊರಿನಲ್ಲಿ ಕೊಟ್ಟರು. ತಂಗಿಯನ್ನು ರಾಯಚೂರಿಗೆ ಕೊಟ್ಟರು.

ಅಕ್ಕನ ಗಿಡ ಗೇಟಿನ ಪಕ್ಕದಲ್ಲಿ ತೂಗುಕುಂಡದಿಂದ ಇಳಿಬಿದ್ದು ಮೈತುಂಬ ಹೂ ಬಿಟ್ಟಿತು. ತಂಗಿ ಗೌರಿಹಬ್ಬಕ್ಕೆ ತವರಿಗೆ ಬಂದಾಗ ಅದನ್ನು ಕಂಡಳು. ದಾರಿಯಲ್ಲಿ ಹೋಗುವ ಹೆಂಗಸರು ಗೇಟಿನ ಮುಂದೆ ನಿಂತು, "ಏನಮ್ಮಾ ನಿಮ್ಮ ಕೈಗುಣ!" ಎಂದು ಹೊಗಳುವುದನ್ನೂ ಕೇಳಿದಳು. ಅವಳ ಹೊಟ್ಟೆಗೆ ಬೆಂಕಿ ಬಿತ್ತು.

"ಅಕ್ಕಾ, ಇದಕ್ಕೆ ಏನು ಮಾಡುತ್ತೀಯೆ?" ಎಂದು ಕೇಳಿದಳು.

"ಮಾಡುವುದೇನು? ಬಿಸಿಲು ಬೀಳುವ ಕಡೆ ಇಟ್ಟಿದ್ದೇನೆ, ನೀರು ಹಾಕುತ್ತೇನೆ. ಅಷ್ಟೇ ಕಣೇ."

ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆದರೆ ಹೊಟ್ಟೆ ಉರಿಯುವವರ ಕಿವಿ ಹಾಗೆ ಕೇಳಿಸಿಕೊಳ್ಳುವುದಿಲ್ಲ. ಇವಳು ಏನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡಳು ತಂಗಿ. ಆದರೂ ರಾಯಚೂರಿಗೆ ಹೋದವಳು ಅಕ್ಕ ಹೇಳಿದ್ದನ್ನೇ ಅಕ್ಷರ ಬಿಡದೆ ಮಾಡಿದಳು. ಗೇಟಿನ ಪಕ್ಕ ಕುಂಡ ತೂಗುಹಾಕಿದಳು, ಬಿಸಿಲು ಬೀಳಿಸಿದಳು, ನೀರು ಹಾಕಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗಾಯಿತು. ಮಡಿಕೇರಿಯ ಬಿಸಿಲು ಎಲೆಗೆ ಹಿತ. ರಾಯಚೂರಿನ ಬಿಸಿಲಿಗೆ ಕಲ್ಲೂ ಸಿಡಿಯುತ್ತದೆ. ಗಿಡ ಜೋತುಬಿತ್ತು. ನೀರು ಸಾಲಲಿಲ್ಲವೆಂದು ಅವಳು ಇನ್ನಷ್ಟು ಸುರಿದಳು. ಮೇಲೆ ಎಲೆ ಸುಟ್ಟಿತು, ಕೆಳಗೆ ಬೇರು ಕೊಳೆಯಿತು. ಅವಳ ಗಂಡ, "ಈ ಊರಲ್ಲಿ ಮನುಷ್ಯರೇ ಒಣಗುತ್ತೇವೆ, ಹೂವಿನ ಗತಿ ಏನು? ಬಿಡು" ಎಂದ. ಅವಳು ಬಿಡಲಿಲ್ಲ. ಮತ್ತೊಂದು ರೆಂಬೆ ತರಿಸಿದಳು. ಅದೂ ಹಾಗೆಯೇ ಹೋಯಿತು.

ನಗಬೇಡ ಮಹಾಂತೇಶ. ನಗುವ ಕತೆ ಅಲ್ಲ ಇದು.

ಆಗ ಅವಳು ತಾಯಿಯ ಮುಂದೆ ಹೋಗಿ ಅತ್ತಳು. "ನಿನಗೆ ಮೊದಲಿನಿಂದಲೂ ಅಕ್ಕ ಎಂದರೇ ಪ್ರಾಣ. ಅವಳಿಗೆ ಒಳ್ಳೆಯ ರೆಂಬೆ ಕೊಟ್ಟೆ. ನನಗೆ ಸಾಯುವುದನ್ನು ಆರಿಸಿ ಕೊಟ್ಟೆ" ಎಂದಳು. ಹೆತ್ತವಳಿಗೆ ಆಡುವ ಮಾತೇ ಇದು? ತಾಯಿಗೆ ತುಂಬ ನೋವಾಯಿತು. ಆದರೂ ಅವಳು ಬೈಯಲಿಲ್ಲ. ಚಳಿಗಾಲ ಬಂದ ಕೂಡಲೇ ಹೊಸ ರೆಂಬೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಾನೇ ರಾಯಚೂರಿಗೆ ಹೋದಳು.

ತಾಯಿ ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ. ಮನೆಯನ್ನೆಲ್ಲ ಸುತ್ತಿ ಹಿತ್ತಲಿಗೆ ಹೋದಳು. ಅಲ್ಲಿ ನೀರಿನ ತೊಟ್ಟಿಯ ಹಿಂದೆ ಒಂದು ಮೂಲೆ ಇತ್ತು. ಬೆಳಗಿನ ಎಳೆಬಿಸಿಲು ಬಿಟ್ಟರೆ ಬೇರೆ ಬಿಸಿಲು ಅಲ್ಲಿಗೆ ಬರುತ್ತಿರಲಿಲ್ಲ. ಬಿಸಿಗಾಳಿಗೆ ಗೋಡೆ ಅಡ್ಡವಿತ್ತು. ತೊಟ್ಟಿಯ ತಂಪು ಸದಾ ಇತ್ತು. ತಾಯಿ ಕುಂಡವನ್ನು ಅಲ್ಲಿಟ್ಟಳು. "ಮಣ್ಣಿಗೆ ಬೆರಳು ಚುಚ್ಚಿ ನೋಡು. ಒಣಗಿದ್ದರೆ ಮಾತ್ರ ನೀರು ಹಾಕು. ಬೇಸಿಗೆಯಲ್ಲಿ ಹೂ ಬಿಡುವುದಿಲ್ಲ, ಎಲೆಯೂ ಉದುರಬಹುದು. ಆಗ ಅದು ಮಲಗಿರುತ್ತದೆ, ಎಬ್ಬಿಸಲು ಹೋಗಬೇಡ" ಎಂದು ಹೇಳಿಕೊಟ್ಟಳು.

ಮಗಳ ಮುಖ ಸಣ್ಣದಾಯಿತು. "ಇಲ್ಲಿಟ್ಟರೆ ಯಾರಿಗೆ ಕಾಣುತ್ತದಮ್ಮಾ?"

"ಗಿಡ ಬದುಕಬೇಕೋ, ಊರು ನೋಡಬೇಕೋ? ಅದನ್ನು ಮೊದಲು ಹೇಳು" ಎಂದಳು ತಾಯಿ.

ತಾಯಿ ಊರಿಗೆ ಮರಳಿದಳು.

ಗಿಡ ಚಿಗುರಿತು. ಬೇಸಿಗೆಯಲ್ಲಿ ಎಲೆ ಉದುರಿಸಿ ಕಡ್ಡಿಯಾಗಿ ನಿಂತಿತು. ಮಗಳು ತಾಯಿಯ ಮಾತಿನಂತೆ ಕಾದಳು. ಆ ಮಳೆಗಾಲದಲ್ಲಿ ತಾಯಿ ತೀರಿಕೊಂಡಳು. ತಂಗಿ ಹೋಗಿ ಮಣ್ಣು ಹಾಕಿ ಬಂದಳು. ಚಳಿಗಾಲ ಬಂತು. ಒಂದು ಬೆಳಗ್ಗೆ ನೀರು ತರಲು ಹಿತ್ತಲಿಗೆ ಹೋದಾಗ ತೊಟ್ಟಿಯ ಹಿಂದೆ ಜುಮುಕಿ ತೂಗುತ್ತಿತ್ತು. ಅವಳು ಕೊಡವನ್ನು ಅಲ್ಲೇ ಬಿಟ್ಟು ಕುಂಡದ ಮುಂದೆ ಕುಳಿತು ಅತ್ತಳು. ಅದು ತಾಯಿಗಾಗಿ ಅತ್ತ ಅಳು. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಅಲ್ಲಿಗೆ ಕತೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಯುಗಾದಿ ಕಳೆದ ಮೇಲೆ ಅಕ್ಕ ಫೋನ್ ಮಾಡಿದಳು. "ನಿನ್ನ ಮನೆಗೆ ಬರುತ್ತೇನೆ. ಒಂದು ಕೆಲಸವಿದೆ, ಬಂದು ಹೇಳುತ್ತೇನೆ. ಅಮ್ಮ ಕೊಟ್ಟ ಗಿಡ ಇದೆಯಷ್ಟೇ?" ಎಂದು ಕೇಳಿದಳು.

"ಇದೆ. ಬಂದು ನೋಡು" ಎಂದಳು ತಂಗಿ.

ಆ ಮಾತು ಬಾಯಿಂದ ಬಂದದ್ದೇ ತಡ, ಆರಿದ ಬೂದಿಯಲ್ಲಿ ಕೆಂಡ ಕಣ್ಣು ಬಿಟ್ಟಿತು. ಗೌರಿಹಬ್ಬದ ದಿನ ತಾನು ಅಕ್ಕನ ಗೇಟಿನ ಮುಂದೆ ನಿಂತಂತೆ ಅಕ್ಕ ತನ್ನ ಗೇಟಿನ ಮುಂದೆ ನಿಲ್ಲಬೇಕು ಎನಿಸಿತು. ಗಿಡದಲ್ಲಿ ಕೊನೆಯ ಕೆಲವು ಹೂಗಳು ಉಳಿದಿದ್ದವು. ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಬಹುದಿತ್ತು. ಆದರೆ ಹಿತ್ತಲಲ್ಲಿ ತೋರಿಸಿದರೆ ಅದು ಗೆದ್ದಂತೆ ಆಗುತ್ತದೆಯೇ? ಅಕ್ಕ ಯಾವ ಬಸ್ಸಿಗೆ ಬರುತ್ತಾಳೋ ಗೊತ್ತಿರಲಿಲ್ಲ. ಅದಕ್ಕೆ ಹಿಂದಿನ ದಿನವೇ ಕುಂಡವನ್ನು ತಂದು ಗೇಟಿಗೆ ತೂಗುಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಗಿಡ ತಲೆ ಬಗ್ಗಿಸಿತು. ಅವಳು ನೋಡಿದಳು. ನೋಡಲಿಲ್ಲ ಎಂದು ಹೇಳುವಂತಿಲ್ಲ. ಕೈ ಕುಂಡದವರೆಗೂ ಹೋಯಿತು. "ನಾಳೆ ಒಂದು ದಿನ ತಾನೆ" ಎಂದುಕೊಂಡು ಕೈ ಹಿಂದೆಗೆದಳು. ಮಣ್ಣಿಗೆ ಬೆರಳು ಚುಚ್ಚಿ ನೋಡದೆ ಒಂದು ಚೊಂಬು ನೀರು ಸುರಿದಳು.

ಮರುದಿನ ಬಸ್ಸು ತಡವಾಯಿತು. ಅಕ್ಕ ಬಂದು ಇಳಿದಾಗ ಸುಡುಬಿಸಿಲು. ಅವಳು ಗೇಟಿನಲ್ಲಿ ತೂಗುತ್ತಿದ್ದ ಕುಂಡವನ್ನು ನೋಡಿ ಚೀಲವನ್ನು ಬೀದಿಯಲ್ಲೇ ಬಿಟ್ಟು ಓಡಿಬಂದಳು. ಎಲೆ ಮುಟ್ಟಿದರೆ ಹಪ್ಪಳದಂತೆ ಪುಡಿಯಾಯಿತು. ಹೂಗಳು ಕಪ್ಪಾಗಿ ಕೆಳಗೆ ಬಿದ್ದಿದ್ದವು.

"ಅಯ್ಯೋ, ಇದನ್ನು ಯಾಕೆ ಇಲ್ಲಿಟ್ಟೆಯೇ?"

"ನಿನಗೆ ಕಾಣಲಿ ಅಂತ" ಎಂದಳು ತಂಗಿ.

ಅಕ್ಕ ಬಿದ್ದ ಹೂಗಳನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡಳು. "ನಾನು ನೋಡಲು ಬರಲಿಲ್ಲ ಕಣೇ, ಬೇಡಲು ಬಂದೆ. ಅಮ್ಮ ಹಾಸಿಗೆ ಹಿಡಿದಾಗ ಕುಂಡಗಳನ್ನು ಮಳೆಯಿಂದ ಒಳಗೆ ತೆಗೆದಿಡಲು ಯಾರಿಗೂ ನೆನಪಾಗಲಿಲ್ಲ. ನೀನು ಮಣ್ಣು ಹಾಕಿ ಇತ್ತ ಬಂದ ಮೇಲೆ ಅಮ್ಮನ ಗಿಡವೂ ಕೊಳೆಯಿತು, ನನ್ನದೂ ಕೊಳೆಯಿತು. ನಿನಗೆ ಹೇಳಲು ನಾಚಿಕೆಯಾಗಿತ್ತು. ಅಮ್ಮನ ಗಿಡ ಅಂತ ಉಳಿದದ್ದು ಇದೊಂದೇ" ಎಂದಳು.

ಅವಳ ಚೀಲದಲ್ಲಿ ಒಂದು ಡಬ್ಬಿ ಇತ್ತು. ರೆಂಬೆ ಒಯ್ಯಲೆಂದು ಅದರ ತುಂಬ ಮಡಿಕೇರಿಯ ಹಸಿ ಪಾಚಿ ತುಂಬಿಕೊಂಡು ಬಂದಿದ್ದಳು. ಅಕ್ಕತಂಗಿಯರಿಬ್ಬರೂ ಕುಳಿತು ಗಿಡದ ಒಂದೊಂದೇ ಕಡ್ಡಿಯನ್ನು ಮುರಿದು ನೋಡಿದರು. ಯಾವ ಕಡ್ಡಿಯ ಒಳಗೂ ಹಸಿರು ಇರಲಿಲ್ಲ. ಆದರೂ ಅವನ್ನು ಪಾಚಿಯಲ್ಲಿ ಸುತ್ತಿಟ್ಟರು. ಯಾವುದೂ ಚಿಗುರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ತಂಬೂರಿಯನ್ನು ಮತ್ತೆ ತೊಡೆಯ ಮೇಲೆ ಎತ್ತಿಕೊಂಡರು. ಮಹಾಂತೇಶನಿಗೆ ತಡೆಯಲಾಗಲಿಲ್ಲ.

"ಎಂಥ ಹೆಂಗಸು ಗುರುಗಳೇ! ತಾಯಿ ಅಷ್ಟು ದೂರದಿಂದ ಬಂದು ಜಾಗ ತೋರಿಸಿಕೊಟ್ಟಿದ್ದಳು. ಗಿಡ ಬಾಡುವುದು ಕಣ್ಣಿಗೆ ಕಾಣುತ್ತಿತ್ತು. ಆಗಲಾದರೂ ಒಳಗೆ ಎತ್ತಿಡಬಾರದಿತ್ತೇ?"

ಮಾತು ಮುಗಿಯುವ ಮೊದಲೇ ಅವನ ದನಿ ಒಡೆಯಿತು. ಅವನು ಗಂಟಲು ಹಿಡಿದುಕೊಂಡು ಕೆಮ್ಮಿದ. ಕೆಮ್ಮು ನಿಲ್ಲುವವರೆಗೂ ಗುರುಗಳು ಕಾದರು. ಆಮೇಲೆ ತಂಬೂರಿಯನ್ನು ಮಹಾಂತೇಶನ ತಗ್ಗಿನ ಶ್ರುತಿಗೆ ಇಳಿಸಿ ಅವನ ಕೈಗೆ ಕೊಟ್ಟು ಕೇಳಿದರು:

"ನೀನು ಒಳಕೋಣೆ ಬಿಟ್ಟು ಜಗುಲಿಗೆ ಬಂದು ಎಷ್ಟು ದಿನವಾಯಿತಪ್ಪಾ?"