ಎಡಗೈ ತಾಂಬೂಲ

ಕರಿಕೋಟೆಯ ದೊರೆ ಬಿಜ್ಜರಾಯ ಕಾಯಿಲೆಯವರ ಕೈಯನ್ನು ಕಲ್ಲುಕಂಬಕ್ಕೆ ಹಿಡಿದು ಅಳೆದ. ಅದು ಅನ್ಯಾಯ. ಊರೆಲ್ಲ ನೋಡುತ್ತ ನಿಂತಿತು. ಅದೂ ಅನ್ಯಾಯವೇ.

ಡಂಗುರ ಹೀಗೆ ಸಾರಿತ್ತು: "ಲಕ್ವ ಹೊಡೆದವರು, ನರ ಸೋತವರು ಕಂಬದೆದುರು ಕೈ ಎತ್ತಬೇಕು. ಗೆರೆ ಮುಟ್ಟದವರು ಕೋಟೆಯ ಹೊರಗೆ! ರಾಜಮಾತೆಯ ಮೂರು ಒಗಟು ಬಿಡಿಸಿದವರಿಗೆ ಒಂದು ವರ. ಸೋತರೆ ತಲೆದಂಡ!"

ಬುಟ್ಟಿ ಹೆಣೆಯುವ ಕ್ಯಾತನ ಅಕ್ಕ ಓಬಕ್ಕ ಬೆಳಗಿನಿಂದ ಬಿಸಿಲಲ್ಲಿ ಕಾದಳು. ಸಂಜೆ ಅವಳ ಬಲಗೈ ಗೆರೆಗಿಂತ ಗೇಣು ಕೆಳಗೇ ನಿಂತಿತು.

"ಬೆಳಗ್ಗೆ ಸೂರಿನಿಂದ ಬಿದಿರು ಎಳೆದಳು, ಬುದ್ದೀ!" ಅಂದ ಕ್ಯಾತ.

"ನಿನ್ನ ಬೆಳಗ್ಗೆ ಕಂಬಕ್ಕೆ ಗೊತ್ತಿಲ್ಲ, ನಡಿಯಲೇ," ಅಂದ ಅಳತೆಗಾರ.

ಅವಳನ್ನು ಹೊರಗಟ್ಟಿದರು. ಕ್ಯಾತ ಕೋಟೆಗೋಡೆಗೆ ಹಣೆ ಚಚ್ಚಿಕೊಂಡ. ಗೋಡೆಗೇನಾಗಬೇಕು?

ಆಸ್ಥಾನದಲ್ಲಿ ದೊರೆಯ ಪಕ್ಕ ರಾಜಮಾತೆ ಶಾಲು ಹೊದ್ದು ಕೂತು, ಬಂದವರಿಗೆ ಎಡಗೈಯಲ್ಲಿ ತಾಂಬೂಲ ಕೊಡುತ್ತಿದ್ದಳು. ಜಾಗೀರಿನ ಆಸೆಗೆ ಬಂದ ಪಂಡಿತ ಮುಖ ಸಿಂಡರಿಸಿದ.

"ತುಂಬಿದರೆ ಹಗುರ, ಬರಿದಾದರೆ ಭಾರ. ಏನದು?" ಅಂದಳು ರಾಜಮಾತೆ.

"ಹೊಟ್ಟೆ!"

ಪಂಡಿತನ ತಲೆ ಹೋಯಿತು. ಹಿಂದೆ ಬಂದ ಜಟ್ಟಿ "ತಲೆ" ಅಂದ. ಅದೂ ಹೋಯಿತು.

ಅಕ್ಕನಿಗಾಗಿ ಬಂದ ಕ್ಯಾತನಿಗೂ ಅದೇ ಒಗಟು, ಎಡಗೈ ತಾಂಬೂಲವೇ ಬಂತು. ಓಬಕ್ಕ ಮುದ್ದೆ ಇಕ್ಕುತ್ತಿದ್ದುದೂ ಹೀಗೆಯೇ, "ಎಡಗೈ ಅಂತ ಬೇಜಾರಾಗಬ್ಯಾಡ ಕಣಪ್ಪಾ" ಅನ್ನುತ್ತ.

"ಕೈ, ತಾಯಿ," ಅಂದ. "ಬರಿಗೈ ಎತ್ತು ಅಂದರೆ ನಮ್ಮಕ್ಕನಿಗೆ ಬೆಟ್ಟ ಎತ್ತಿದಂಗೆ. ಎದುರಿಗೆ ಬಿದಿರು ಇಡಿ, ಹೆಣೆಯೋಕೆ ಅದೇ ಏಳ್ತದೆ."

"ಬೆಳಗ್ಗೆ ಒಂದು ಮೊಳ, ಸಂಜೆ ಒಂದು ಹರದಾರಿ. ಯಾವ ದಾರಿ?"

"ತಟ್ಟೆಯಿಂದ ಬಾಯಿಗೆ. ಸೋತ ಕೈ ಹೊತ್ತು ಏರಿದಂಗೆ ದಣೀತದೆ. ನಿಮ್ಮೋರು ದಿನವೆಲ್ಲ ನಿಲ್ಲಿಸಿ ಸಂಜೆ ಒಂದೇ ಸಲ ಅಳೆದರು."

ರಾಜಮಾತೆಯ ದನಿ ಕುಗ್ಗಿತು. "ಇಂಥ ಕೈಗಳನ್ನೆಲ್ಲ ಅಳೆದರು, ಒಂದನ್ನು ಬಿಟ್ಟು. ಯಾರದದು?"

ಕ್ಯಾತ ಶಾಲನ್ನು ನೋಡಿದ, ದೊರೆಯ ಕತ್ತಿಯನ್ನು ನೋಡಿದ. ಹೇಳಿದರೂ ತಲೆ, ಹೇಳದಿದ್ದರೂ ತಲೆ.

"ನಿಮ್ಮದೇ, ತಾಯಿ. ಆ ಶಾಲಿನೊಳಗಿನ ಬಲಗೈ."

ಶಾಲು ಜಾರಿತು. ಮುದುಡಿದ ಕೈ ಮಡಿಲಲ್ಲಿ ಬಿದ್ದಿತ್ತು. "ಮಗನಿಗೆ ನೇರವಾಗಿ ಹೇಳಲು ಹೆದರಿದೆ," ಅಂದಳು ಮುದುಕಿ. "ಒಗಟು ಹಾಕಿದೆ. ಅದಕ್ಕೂ ಎರಡು ತಲೆ ಹೋದವು."

ದೊರೆ ತಲೆ ತಗ್ಗಿಸಿದ. "ವರ ಕೇಳು."

"ಅಕ್ಕ ಬೇಕು. ಹೊರಗಿರೋರೆಲ್ಲ ಬೇಕು."

"ವರ ಒಂದೇ. ಒಬ್ಬಳನ್ನೇ ಕೇಳು."

ಕ್ಯಾತ ಕಾಲಿಗೆ ಬಿದ್ದ, ಅತ್ತ. ನಡೆಯಲಿಲ್ಲ. ಓಬಕ್ಕ ಒಳಗೆ ಬಂದಳು, ಬಾಗಿಲು ಮುಚ್ಚಿತು. ಆಚೆ ನಲವತ್ತು ಮಂದಿ, ಆ ಬಾಗಿಲು ಬಡಿಯಲೂ ಕೈ ಏಳದೆ ಕೂತರು.

ಕಂಬ ಇನ್ನೂ ನಿಂತಿದೆ. ಓದಿದವರೇ, ಅಯ್ಯೋ ಪಾಪ ಅಂದು ಪುಸ್ತಕ ಮಡಚಬೇಡಿ. ನಿಮ್ಮೂರಲ್ಲಿ ದಣಿದವರ ಬರಿಗೈಯನ್ನು ಒಂದೇ ಸಲ ಎತ್ತಿಸಿ, ಆಗಲ್ಲ ಅಂತ ಬರೆದು ಕಳಿಸಿದರೆ ಅಡ್ಡ ನಿಲ್ಲಿ. "ಅವಳ ಕೆಲಸ ಅವಳ ಕೈಗೆ ಕೊಡು, ನಾಳೆ ಬೆಳಗ್ಗೆ ಮತ್ತೆ ಅಳೆ" ಅನ್ನಿ. ನಿಮ್ಮ ಕೈ ಏಳುತ್ತದಲ್ಲ? ಬಾಗಿಲು ಬಡಿಯಿರಿ.