ಪೆಟ್ಟಿಗೆಗಳ ಹಾಜರಿ ಕರೆದ ಕಸ್ತೂರಿ

ಕೃಷ್ಣಾ ನದಿಯ ದಡದಲ್ಲಿ, ಹೊಳೆ ಎಷ್ಟು ಏರುತ್ತದೆ ಎಂದು ಮೊದಲೇ ಹೇಳುವ ಒಂದು ಸಣ್ಣ ಕಚೇರಿಯಿತ್ತು. ಅಲ್ಲಿನ ಕಂಪ್ಯೂಟರನ್ನು ಕಸ್ತೂರಿ ಯಾದವಾಡ ಎಂಬ ಹುಡುಗಿ ನೋಡಿಕೊಳ್ಳುತ್ತಿದ್ದಳು. ಮೇಲಿನ ಊರುಗಳಲ್ಲಿ ಮಳೆ ಬಿದ್ದ ದಿನ ಕಂಪ್ಯೂಟರ್ ಲೆಕ್ಕ ಹಾಕುವುದು, ಕಸ್ತೂರಿ ಆ ಸುದ್ದಿಯನ್ನು ದೋಣಿಯ ದುರ್ಗಪ್ಪನಿಗೆ ಫೋನ್ ಮಾಡಿ ಹೇಳುವುದು. ನೀರು ಏರುತ್ತದೆ ಎಂದರೆ ದುರ್ಗಪ್ಪ ನಡುಗಡ್ಡೆಯ ನಲವತ್ತು ಜನರನ್ನು ಈಚೆ ದಡಕ್ಕೆ ತರುತ್ತಾನೆ. ನಾಲ್ಕು ಸಲ ಹೋಗಿಬರಬೇಕು, ಕತ್ತಲಾದರೆ ದೋಣಿ ಬಿಡುವಂತಿಲ್ಲ. ಹಾಗಾಗಿ ನಾಲ್ಕೂವರೆಯೊಳಗೆ ಸುದ್ದಿ ಬೇಕು. ಸುಮ್ಮನೆ ಕರೆದರೆ ಬರುವ ಜನರಲ್ಲ ಅವರು. ಎಮ್ಮೆ ಬಿಟ್ಟು ಏಳಬೇಕಾದರೆ ಕಚೇರಿಯ ಮಾತೇ ಬೇಕು.

ಈ ಕಂಪ್ಯೂಟರ್ ಸ್ವಲ್ಪ ದೊಡ್ಡ ಜಾತಿಯದು, ಮಕ್ಕಳೇ. ಒಂದೇ ಡಬ್ಬಿಯೊಳಗೆ ಎರಡು ಮನೆ ಇದ್ದಂತೆ. ಪ್ರತಿ ಮನೆಗೂ ಅದರದೇ ಕೆಲಸಗಾರರು, ಅಂದರೆ ಪ್ರೊಸೆಸರ್. ಲೆಕ್ಕದಲ್ಲಿ ಅರ್ಧ ಈ ಮನೆಯವರಿಗೆ, ಅರ್ಧ ಆ ಮನೆಯವರಿಗೆ. ಪ್ರತಿ ಮನೆಗೂ ಅದರದೇ ಅಟ್ಟ, ಅಂದರೆ ಮೆಮೊರಿ. ಲೆಕ್ಕದ ಅಂಕಿಗಳೆಲ್ಲ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿರುತ್ತವೆ. ತನ್ನ ಅಟ್ಟದ ಪೆಟ್ಟಿಗೆ ಬೇಕಾದರೆ ಕೈಚಾಚಿದರೆ ಸಾಕು. ಆಚೆಮನೆಯ ಅಟ್ಟದ್ದು ಬೇಕಾದರೆ ಅಂಗಳ ದಾಟಿ ಹೋಗಿಬರಬೇಕು. ಯಾವ ಪೆಟ್ಟಿಗೆ ಯಾವ ಅಟ್ಟಕ್ಕೆ ಎಂದು ಯಾರೂ ಹೇಳದಿದ್ದರೆ ಯಂತ್ರ ತನ್ನ ರೂಢಿಯಂತೆ ನಡೆಯುತ್ತದೆ. ಯಾವ ಮನೆಯವನು ಪೆಟ್ಟಿಗೆಯನ್ನು ಮೊದಲು ಮುಟ್ಟುತ್ತಾನೋ, ಅವನ ಅಟ್ಟದಲ್ಲೇ ಅದನ್ನು ಇಡುತ್ತದೆ. ನನಗೆ ಇದು ತಲೆಗೆ ಹೋಗಲು ಮೂರು ಸಲ ಹೇಳಿಸಿಕೊಳ್ಳಬೇಕಾಯಿತು. ನಿಮಗೆ ಎರಡೇ ಸಲಕ್ಕೆ ಹೋದರೆ ನೀವು ಜಾಣರು.

ಒಂದು ದಿನ ಬೆಳಿಗ್ಗೆ ಕಚೇರಿಯ ಬೆಣಕಟ್ಟಿ ಸಾಹೇಬರು ಕಸ್ತೂರಿಯನ್ನು ಕರೆದರು. ಅವರು ಒಳ್ಳೆಯವರೇ. ಆದರೆ ಎಲ್ಲವೂ ಕಾಗದದ ಮೇಲೆ ಬರಬೇಕು.

"ಯಾವ ಪೆಟ್ಟಗಿ ಯಾವ ಅಟ್ಟದ ಮ್ಯಾಲೈತಿ ಅಂತ ನಮಗ ಗೊತ್ತಿರಬೇಕಲ್ಲವಾ. ನಾಳೆ ಯಾರರ ಕೇಳಿದ್ರ ಏನ್ ಹೇಳೂದು?"

"ಬರಸ್ತೀನ್ರಿ ಸರ್," ಎಂದಳು ಕಸ್ತೂರಿ.

ಲೆಕ್ಕ ಶುರುವಾಗುವ ಮೊದಲೇ ಎಲ್ಲ ಪೆಟ್ಟಿಗೆಗಳ ಹಾಜರಿ ತೆಗೆದುಕೊಳ್ಳುವಂತೆ ಅವಳು ಪ್ರೋಗ್ರಾಮಿನ ತಲೆಯಲ್ಲೇ ನಾಲ್ಕು ಸಾಲು ಸೇರಿಸಿದಳು. ಒಂದನೆಯ ಪೆಟ್ಟಿಗೆ, ಎಲ್ಲಿದ್ದೀ? ಎರಡನೆಯ ಪೆಟ್ಟಿಗೆ, ಎಲ್ಲಿದ್ದೀ? ಶಾಲೆಯಲ್ಲಿ ಹಾಜರಿ ಕರೆದ ಹಾಗೆಯೇ.

ಅಂದೇ ಮೇಲೆ ಜೋರು ಮಳೆ. ಮಧ್ಯಾಹ್ನ ಒಂದಕ್ಕೆ ಲೆಕ್ಕ ಶುರುವಾಯಿತು. ಎಂದಿನಂತೆ ಒಂದು ಗಂಟೆಯಲ್ಲಿ ಮುಗಿಯಬೇಕಿತ್ತು. ಎರಡೂವರೆಯಾದರೂ ಅರ್ಧ ದಾಟಲಿಲ್ಲ. ಕಸ್ತೂರಿಗೆ ಗಾಬರಿಯಾಯಿತು. ಲೆಕ್ಕವನ್ನು ನಿಲ್ಲಿಸಿ ಕಂಪ್ಯೂಟರನ್ನೇ ಕೇಳಿದಳು: ಪೆಟ್ಟಿಗೆ ಇಡಲು ನಿನಗೆ ಯಾವ ನಿಯಮವಿದೆ?

ವಿಶೇಷವೇನಿಲ್ಲ, ರೂಢಿಯಂತೆ, ಎಂದಿತು ಕಂಪ್ಯೂಟರ್.

"ಮತ್ತ ಸರಿ ಐತಲ್ಲ!" ಎಂದರು ಸಾಹೇಬರು.

ಆದರೆ ಹಾಜರಿಯ ಪಟ್ಟಿ ಬೇರೆಯೇ ಹೇಳುತ್ತಿತ್ತು. ಅಷ್ಟೂ ಪೆಟ್ಟಿಗೆ ಒಂದನೆಯ ಮನೆಯ ಅಟ್ಟದ ಮೇಲೆ. ಎರಡನೆಯ ಮನೆಯ ಅಟ್ಟ ಖಾಲಿ! ಪಾಪ, ಆ ಮನೆಯ ಕೆಲಸಗಾರರು ಒಂದೊಂದು ಅಂಕಿಗೂ ಅಂಗಳ ದಾಟಿ ಓಡಾಡುತ್ತಿದ್ದರು. ನಿಯಮ ಸರಿ, ಇಟ್ಟ ಜಾಗ ತಪ್ಪು. ಇದು ಹೇಗೆ ಸಾಧ್ಯ? ಕಸ್ತೂರಿ ತಲೆ ಕೆರೆದುಕೊಂಡಳು. ಸಾಹೇಬರು ಕನ್ನಡಕ ಒರೆಸಿಕೊಂಡು, "ಮತ್ತೊಮ್ಮಿ ಹಾಜರಿ ತಗೋ" ಎಂದರು. ತೆಗೆದುಕೊಂಡಳು. ಮತ್ತೆ ಎಲ್ಲವೂ ಒಂದನೆಯ ಮನೆಯಲ್ಲೇ. ಗಡಿಯಾರ ಮೂರು ಹೊಡೆಯಿತು.

ಅಷ್ಟರಲ್ಲಿ ದುರ್ಗಪ್ಪನ ಫೋನ್ ಬಂತು.

"ಏನಾತವಾ ತಂಗಿ? ಮಾಡ ನೋಡಿದ್ರ ನನಗ್ಯಾಕೋ ಚಲೋ ಅನಸವಲ್ದು. ನಡುಗಡ್ಡ್ಯಾಗ ಈ ಸಲ ಹನ್ನೆರಡು ದಿನದ ಕೂಸು ಐತಿ, ಬಾಣಂತಿ ಅದಾಳ."

ಕಸ್ತೂರಿಗೆ ಅಳುವೇ ಬಂತು. "ನನಗ ಏನೂ ತಿಳೀವಲ್ದು ಕಾಕಾ. ಬರೇ ಎಲ್ಲೈತಿ, ಎಲ್ಲೈತಿ ಅಂತ ಕೇಳಾಕತ್ತೀನಿ. ಕೇಳಿದಷ್ಟೂ ಗೋಜಲಾಗಾಕತ್ತೈತಿ."

ದುರ್ಗಪ್ಪನಿಗೆ ಅವಳ ಮಾತಿನ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಫೋನಿನೊಳಗೆ ದೂರದಿಂದ ಯಾರೋ ಕೂಗಿದ್ದು ಕೇಳಿಸಿತು: "ದೋಣಿ ಎಲ್ಲೈತೋ ದುರ್ಗಪ್ಪಾ!"

"ಫೋನ್ ಇಡ್ತೀನವಾ. ಆಚಿ ದಂಡ್ಯಾಗ ಕೂಗಾಕತ್ತಾರ, ಹೋಗಬೇಕು."

"ಅವರು ಎಲ್ಲೈತಿ ಅಂತ ಅಷ್ಟ ಕೇಳಿದ್ರಲ್ಲ ಕಾಕಾ, ಬಾ ಅಂದಿಲ್ಲಲ್ಲ?"

ದುರ್ಗಪ್ಪ ನಕ್ಕ. "ಹೊಳಿ ದಂಡ್ಯಾಗ ನಿಂತು ಸುಮ್ಮನ ಯಾರು ಕೇಳ್ತಾರವಾ? ಮೊದಲ ಯಾರು ಕೂಗ್ತಾರೋ ಅವರ ದಂಡಿಗೆ ದೋಣಿ ಹೋಗೂದು. ನಮ್ಮಪ್ಪನ ಕಾಲದಿಂದ ಹಂಗ ಐತಿ."

ಫೋನ್ ಕಟ್ಟಾಯಿತು. ಕಸ್ತೂರಿ ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು. ಹಾಜರಿ ಕರೆಯುವ ಆ ನಾಲ್ಕು ಸಾಲು ನಡೆಯುವುದು ಎಲ್ಲಿ? ಒಂದನೆಯ ಮನೆಯಲ್ಲಿ. ಕರೆಯುವಾಗ ಪೆಟ್ಟಿಗೆಗಳು ಎಲ್ಲಿದ್ದವು? ಎಲ್ಲಿಯೂ ಇರಲಿಲ್ಲ, ಬರೀ ಹೆಸರಿತ್ತು! ಯಾರೂ ಇನ್ನೂ ಮುಟ್ಟಿರಲಿಲ್ಲ. ಇಲ್ಲದ ಪೆಟ್ಟಿಗೆಯನ್ನು ಎಲ್ಲಿದ್ದೀ ಎಂದು ಕೇಳಿದರೆ ಯಂತ್ರ ಏನು ಮಾಡಬೇಕು? ಕೇಳಿದ್ದನ್ನೇ ಮುಟ್ಟಿದ್ದೆಂದು ತಿಳಿದು, ಅವಸರದಲ್ಲಿ ಒಂದು ಪೆಟ್ಟಿಗೆ ತಂದು ಕೇಳಿದವನ ಅಟ್ಟದಲ್ಲೇ ಇಟ್ಟು, ಇಗೋ ಇಲ್ಲಿದೆ ಎಂದಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಅವಳ ಪ್ರಶ್ನೆಯೇ ಪೆಟ್ಟಿಗೆಗಳನ್ನು ತಪ್ಪು ಮನೆಗೆ ಸಾಗಿಸಿತ್ತು.

"ಸರ್, ಆ ಹಾಜರಿ ಸಾಲು ತಗದು ಹಾಕ್ತೀನ್ರಿ!"

"ಹಂಗಾರ ಕಾಗದಾ?"

"ಲೆಕ್ಕ ಮುಗದ ಮ್ಯಾಲ ಕೇಳೂಣ್ರಿ. ಆಗ ಪೆಟ್ಟಗಿ ತಮ್ಮ ತಮ್ಮ ಜಾಗಾದಾಗ ಇರ್ತಾವು."

ಸಾಹೇಬರಿಗೆ ಅರ್ಧವೂ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದರು. ಆ ತಲೆಯಾಡಿಸಿದ್ದಕ್ಕೆ ನಾವು ಅವರಿಗೆ ಋಣಿಗಳು.

ಮೂರೂಕಾಲಿಗೆ ಲೆಕ್ಕ ಮತ್ತೆ ಶುರುವಾಯಿತು. ಈ ಸಲ ಎರಡೂ ಮನೆಯವರು ತಮ್ಮ ತಮ್ಮ ಪೆಟ್ಟಿಗೆಯನ್ನು ತಾವೇ ಮೊದಲು ಮುಟ್ಟಿದರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಉತ್ತರ ಬಂತು. ಬೆಳಗಾಗುವುದರೊಳಗೆ ಒಂಬತ್ತು ಅಡಿ ನೀರು ಏರುತ್ತದೆ.

ದುರ್ಗಪ್ಪ ನಾಲ್ಕು ಸಲ ಹೋಗಿಬಂದ. ಕೊನೆಯ ಸಲ ಬಾಣಂತಿ ಮತ್ತು ಕೂಸನ್ನು ಕರೆತಂದಾಗ ಇನ್ನೂ ಬೆಳಕಿತ್ತು. ಮರುದಿನ ಬೆಳಿಗ್ಗೆ ನಡುಗಡ್ಡೆಯಲ್ಲಿ ಒಂದು ಬೇವಿನ ಮರದ ತುದಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಐದನೆಯ ದಿನ ಹೊಳೆ ಇಳಿಯಿತು, ಜನ ನಡುಗಡ್ಡೆಗೆ ಮರಳತೊಡಗಿದರು. ಕೂಸನ್ನು ನೋಡಬೇಕೆಂದು ಕಸ್ತೂರಿ ಕೈಯಲ್ಲೊಂದು ಕುಲಾವಿ ಹಿಡಿದು ದಡಕ್ಕೆ ಬಂದಳು. ದೋಣಿ ಕಾಣಲಿಲ್ಲ. ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು ಕಲ್ಲಿನ ಮೇಲೆ ಕುಳಿತಳು. ಅರ್ಧ ಗಂಟೆಯ ಮೇಲೆ ದುರ್ಗಪ್ಪ ತಾನಾಗಿಯೇ ಈಚೆಗೆ ಬಂದ.

"ಎಷ್ಟೊತ್ತಾತವಾ ಬಂದು? ಒಂದು ಕೂಗು ಹಾಕಬಾರದಾ?"

"ನೀವು ಮಂದೀನ ಇಳಸಾಕತ್ತಿದ್ರಿ ಏನೋ ಕಾಕಾ. ನಾ ಕೂಗಿದ್ರ ಅರ್ಧಕ್ಕ ಬಿಟ್ಟು ಬರ್ತಿದ್ರಿ."

ಹೌದು, ಅವಳು ಕೂಗಲು ಬಾಯಿ ತೆರೆದ ಹೊತ್ತಿಗೇ ನಡುಗಡ್ಡೆಯ ದಡದಲ್ಲಿ ಬಾಣಂತಿ ಕೂಸನ್ನೆತ್ತಿಕೊಂಡು ದೋಣಿಯಿಂದ ಒಂದು ಕಾಲು ಕೆಳಗಿಟ್ಟಿದ್ದಳು.

ನೀತಿ: ಪ್ರಶ್ನೆಯೂ ಒಂದು ಕೆಲಸವೇ. ಎಲ್ಲಿ ನಿಂತು, ಯಾವ ಹೊತ್ತಿನಲ್ಲಿ ಕೇಳುತ್ತಿದ್ದೇವೆ ಎಂಬುದನ್ನು ನೋಡಿಕೊಂಡು ಕೇಳಬೇಕು. ಇಲ್ಲದಿದ್ದರೆ ನಾವು ತಿಳಿದುಕೊಳ್ಳಲು ಹೊರಟದ್ದನ್ನು ನಾವೇ ಕೆಡಿಸಿಬಿಡುತ್ತೇವೆ.