ರೆಪ್ಪೆ, ದೀಪ ಮತ್ತು ಒದ್ದೆ ಹತ್ತಿ

ಡಾಕ್ಟರು ನೀಲವ್ವನ ಕಣ್ಣಿನ ಪೊರೆ ತೆಗೆದಾಗಿತ್ತು. ಹೊಲಿಗೆ ಹಾಕುವುದೊಂದೇ ಬಾಕಿ. ತಂತಿಯ ಕ್ಲಿಪ್ಪು ಅಗಲಿಸಿ ಹಿಡಿದಿದ್ದ ರೆಪ್ಪೆ ಮುಚ್ಚಿಕೊಳ್ಳಲು ಹೆಣಗುತ್ತಿತ್ತು.

“ಯಾಕಮ್ಮ ಒದ್ದಾಡುತ್ತೀ? ನಾನಿಲ್ಲದಿದ್ದರೆ ಪೊರೆ ತೆಗೆಯಲು ಆಗುತ್ತಿತ್ತೇ?” ಎಂದಿತು ಮೇಲಿನ ದೀಪ.

“ನಿನ್ನ ಉಪಕಾರ ದೊಡ್ಡದಪ್ಪ” ಎಂದಿತು ರೆಪ್ಪೆ. “ಆದರೆ ಹೊಲಿಗೆ ಬೀಳುವುದು ಕಪ್ಪುಗುಡ್ಡೆಯ ಅಂಚಿಗೆ. ನೀನು ಇನ್ನೂ ಪಾಪೆಯೊಳಗೇ ನುಗ್ಗುತ್ತಿದ್ದೀ. ಇಷ್ಟು ಹೊತ್ತು ಒಂದೇ ಕಡೆ ಬಿದ್ದರೆ ಒಳಗಿನ ಪದರ ಸುಟ್ಟುಹೋದೀತು. ಹುಟ್ಟಿದಾಗಿನಿಂದ ನಾನು ಕಾದ ಕಣ್ಣಿದು.”

“ಬೆಳಕು ಹೆಚ್ಚಾಯಿತು ಎಂದವರನ್ನು ನಾನು ಕಂಡೇ ಇಲ್ಲ.”

“ಹಾಗನ್ನಿಸಿದವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಇವತ್ತು ನನ್ನನ್ನು ಕಟ್ಟಿಹಾಕಿದ್ದಾರೆ.”

ಅಷ್ಟರಲ್ಲಿ ಡಾಕ್ಟರು, ಸೂಜಿ ಹಿಡಿಯುವ ಮೊದಲು, ಒದ್ದೆ ಹತ್ತಿಯ ಚೂರೊಂದನ್ನು ಪಾಪೆಯ ಮೇಲಿಟ್ಟರು. ದೀಪಕ್ಕೆ ನಗು ಬಂತು.

“ಉಗುರಿನಷ್ಟೂ ಇಲ್ಲದ ನೀನು ನನ್ನನ್ನು ತಡೆಯುತ್ತೀಯಾ?”

“ನಿಮ್ಮನ್ನು ತಡೆಯುವುದು ನನ್ನಿಂದಾಗದು ಸ್ವಾಮಿ. ಪಾಪೆಯನ್ನು ಮುಚ್ಚಲು ಮಾತ್ರ ನಾನು ಸಾಕು. ಅಂಚಿನಲ್ಲಿ ಸೂಜಿ ನಿಮಗಾಗಿ ಕಾದಿದೆ, ನೋಡಿ” ಎಂದಿತು ಹತ್ತಿ.

ದೀಪ ನೋಡಿತು. ಸೂಜಿಗೆ ಬೇಕಾದಷ್ಟು ಬೆಳಕು ಅಲ್ಲಿತ್ತು. ಹೊಲಿಗೆ ಮುಗಿಯುವವರೆಗೂ ಅದು ಅಂಚನ್ನೇ ಬೆಳಗಿತು.

ಮರುದಿನ ಪಟ್ಟಿ ಬಿಚ್ಚಿದಾಗ ನೀಲವ್ವ ಕಿಟಕಿಯ ಕಡೆ ತಿರುಗಿ, “ಯವ್ವಾ, ಎಷ್ಟ್ ಬೆಳಕ!” ಎಂದಳು. ರೆಪ್ಪೆ ಒಮ್ಮೆ ಮುಚ್ಚಿ, ನಿಧಾನವಾಗಿ ತೆರೆಯಿತು.